ಮೈ ಹಳೆಯದು, ಮುಳ್ಳು ಹೊಸದು

ಹಬ್ಬಕ್ಕೆ ಮುಂಚಿನ ಭಾನುವಾರ ಮನೆಯ ಧೂಳು ಹೊಡೆಯುವುದು ನಮ್ಮಲ್ಲಿ ರೂಢಿ. ರೆಕಾರ್ಡ್ ಬಾರಿಸುವ ಟರ್ನ್‌ಟೇಬಲ್ ಇರುವ ಮೂಲೆಗೆ ಮಾತ್ರ ಯಾರೂ ಕೈ ಹಾಕಬಾರದು ಅಂತ ನಾನೇ ಕಟ್ಟಪ್ಪಣೆ ಮಾಡಿದ್ದೆ. ಹಾಗಾಗಿ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಹಾಗೂ ಇಲ್ಲ. ಮುಚ್ಚಳ ಒರೆಸಿ ಕೈ ಹಿಂದಕ್ಕೆ ತೆಗೆದೆ. ಶರ್ಟಿನ ತೋಳಿಗೆ ಏನೋ ಸಿಕ್ಕಿದ ಹಾಗಾಯಿತು. ಬಗ್ಗಿ ನೋಡಿದರೆ ಕಾರ್ಟ್ರಿಜ್, ಅಂದರೆ ರೆಕಾರ್ಡಿನ ಗೆರೆ ಓದುವ ಪುಟ್ಟ ಡಬ್ಬಿ, ಅದರ ಕೆಳಗಿನ ಸಣ್ಣ ಕಡ್ಡಿ ಪಕ್ಕಕ್ಕೆ ಮುರುಟಿಕೊಂಡಿತ್ತು. ತುದಿಯ ವಜ್ರ ಇರಲೇ ಇಲ್ಲ. ಮೊಬೈಲ್ ಟಾರ್ಚ್ ಹಾಕಿಕೊಂಡು ಅರ್ಧ ಗಂಟೆ ನೆಲ ಹುಡುಕಿದೆ. ಸಿಕ್ಕಿದ್ದರೂ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಆ ಕಾರ್ಟ್ರಿಜ್ ಜಪಾನಿನ ಡೆನಾನ್ ಡಿಎಲ್-103. 1960ರ ದಶಕದಲ್ಲಿ ಅಲ್ಲಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸ್ಟುಡಿಯೊಗಳಿಗಾಗಿ ಹುಟ್ಟಿದ್ದು. ಆಮೇಲೆ ಮನೆಮನೆಗೆ ಬಂತು. ನನ್ನದರ ಮೈಗೆ ಏನೂ ಆಗಿರಲಿಲ್ಲ. ಒಳಗಿನ ಕಾಯಿಲ್, ಆಯಸ್ಕಾಂತ, ಹಿಂದಿನ ನಾಲ್ಕು ಪಿನ್ನು ಎಲ್ಲ ಸರಿಯಾಗಿದ್ದವು. ಹಾಳಾಗಿದ್ದು ಒಂದು ಸೆಂಟಿಮೀಟರ್ ಕೂಡ ಇಲ್ಲದ ಕಡ್ಡಿ, ಅದರ ತುದಿಯ ಕಲ್ಲು, ಇಷ್ಟೇ. ಟೈರ್ ಸವೆಯಿತು ಅಂತ ಯಾರಾದರೂ ಬಸ್ಸನ್ನೇ ಎಸೆಯುತ್ತಾರಾ?

ಎಸೆಯಬೇಕಿಲ್ಲ. ಹಳೆಯ ಮೈಗೆ ಹೊಸ ಕಡ್ಡಿ, ಹೊಸ ವಜ್ರ ಕೂರಿಸಿ ಕೊಡುವವರಿದ್ದಾರೆ. ಇದಕ್ಕೆ ರಿಟಿಪ್ ಎನ್ನುತ್ತಾರೆ. ಹೇಗೂ ಬಿಚ್ಚಿಸುತ್ತಿದ್ದೇವೆ, ಮೊದಲಿಗಿಂತ ಒಳ್ಳೆಯದನ್ನೇ ಹಾಕಿಸೋಣ ಅನ್ನಿಸುವುದು ಸಹಜ. ಅಲ್ಲಿಂದಲೇ ತಲೆಬಿಸಿ ಶುರು. ಕಡ್ಡಿ ಯಾವುದು, ಬೋರಾನ್ ಬೇಕಾ, ಮಾಣಿಕ್ಯ ಬೇಕಾ? ವಜ್ರಕ್ಕೆ ಯಾವ ಕೆತ್ತನೆ? ನಾನು ಮೂರು ತಿಂಗಳು ಇದೇ ಗುಂಗಿನಲ್ಲಿದ್ದೆ. ಆಗ ಕಲಿತದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರುಗಳು. ದಾವಣಗೆರೆಯ ಹಳೆಯ ಮೈಕ್ ಸೆಟ್ ಅಂಗಡಿಯವರು ಸ್ಟೈಲಸ್ಸನ್ನು ಮುಳ್ಳು ಎಂದೇ ಕರೆಯುತ್ತಿದ್ದರು, ರೆಕಾರ್ಡನ್ನು ಪ್ಲೇಟು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಮುಳ್ಳನ್ನು ಹೊತ್ತಿರುವ ಕ್ಯಾಂಟಿಲಿವರ್ ನಮಗೆ ಕಡ್ಡಿ.

ಈ ಕಡ್ಡಿ ಕೆಲಸ ಮಾಡುವುದು ಏತದ ಹಾಗೆ. ಬಾವಿಯ ಏತದಲ್ಲಿ ಒಂದು ತುದಿ ಇಳಿದರೆ ಇನ್ನೊಂದು ಏರುತ್ತದೆ, ನಡುವೆ ಆಸರೆ ಇರುತ್ತದೆ. ಇಲ್ಲಿ ಒಂದು ತುದಿಯಲ್ಲಿ ಮುಳ್ಳು, ಇನ್ನೊಂದು ತುದಿಯಲ್ಲಿ ಆಯಸ್ಕಾಂತ ಅಥವಾ ತಂತಿ ಸುತ್ತಿದ ಕಾಯಿಲ್. ಆಸರೆಯ ಜಾಗದಲ್ಲಿ ಚೂರು ರಬ್ಬರ್. ಪ್ಲೇಟಿನ ಗೆರೆ ಅಲುಗಿಸಿದಂತೆ ಮುಳ್ಳು ಅಲುಗುತ್ತದೆ, ಹಿಂದಿನ ತುದಿಯೂ ಅಲುಗುತ್ತದೆ. ಆಯಸ್ಕಾಂತದ ಹತ್ತಿರ ಕಾಯಿಲ್ ಇದ್ದು, ಎರಡರಲ್ಲಿ ಒಂದು ಅಲುಗಿದರೆ ಕರೆಂಟು ಹುಟ್ಟುತ್ತದೆ. ಅದೇ ನಾವು ಕೇಳುವ ಹಾಡು. ಗೆರೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿರುತ್ತದೆ. 1958ರಿಂದ ಬಂದ ಸ್ಟೀರಿಯೊ ಪ್ಲೇಟುಗಳಲ್ಲಿ ಒಳಗಿನ ಗೋಡೆ ಎಡ ಸ್ಪೀಕರಿನದು, ಹೊರಗಿನ ಗೋಡೆ ಬಲದ್ದು. ಒಂದೇ ಮುಳ್ಳು ಎರಡೂ ಗೋಡೆ ಓದಬೇಕು.

ಹಿಂದಿನ ತುದಿಯಲ್ಲಿ ಏನಿದೆ ಎನ್ನುವುದರ ಮೇಲೆ ನಿಮ್ಮ ಮುಂದಿನ ದಾರಿ ನಿಂತಿದೆ. ಕಡ್ಡಿಯ ಹಿಂದೆ ಆಯಸ್ಕಾಂತ ಇದ್ದರೆ ಅದು ಮೂವಿಂಗ್ ಮ್ಯಾಗ್ನೆಟ್, ಎಂಎಂ. ಇದರಲ್ಲಿ ಮುಳ್ಳು, ಕಡ್ಡಿ, ರಬ್ಬರ್, ಆಯಸ್ಕಾಂತ ನಾಲ್ಕೂ ಒಂದು ಪ್ಲಾಸ್ಟಿಕ್ ಹಿಡಿಯಲ್ಲಿ ಕೂತಿರುತ್ತವೆ. ಬೆರಳಲ್ಲಿ ಎಳೆದರೆ ಬರುತ್ತದೆ, ಹೊಸದನ್ನು ಒತ್ತಿದರೆ ಕೂರುತ್ತದೆ. ಕಡ್ಡಿಯ ಹಿಂದೆ ಕಾಯಿಲ್ ಇದ್ದರೆ ಅದು ಮೂವಿಂಗ್ ಕಾಯಿಲ್, ಎಂಸಿ. ಅದರಿಂದ ಹೊರಡುವ ತಂತಿ ತಲೆಗೂದಲಿಗಿಂತ ಸಣ್ಣ, ಮೈಗೇ ಬೆಸೆದಿರುತ್ತದೆ. ಎಳೆದರೆ ಕಥೆ ಮುಗಿಯಿತು. ರಿಟಿಪ್ ಎಂಬ ಕಸುಬು ಉಳಿದಿರುವುದು ಮುಖ್ಯವಾಗಿ ಈ ಎಂಸಿಗಳಿಗಾಗಿ. ನನ್ನದು ಎಂಸಿ. ನನ್ನ ಹಣೆಬರಹ.

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ರಸ್ತೆಯ ಕಡೆ ಇರುವ ಗೆಳೆಯನೊಬ್ಬನ ಹತ್ತಿರ ಇರುವುದು ಎಂಎಂ. ಆಡಿಯೋ-ಟೆಕ್ನಿಕಾ ವಿಎಂ95. ಈ ಸರಣಿಯ ಮೈ ಒಂದೇ, ಮುಳ್ಳು ಆರು ಬಗೆ. ಅಗ್ಗದ ಗುಂಡು ಮುಳ್ಳಿನಿಂದ ಹಿಡಿದು ಶಿಬಾಟ, ಮೈಕ್ರೋಲೀನಿಯರ್ ಎಂಬ ಚೂಪು ಕೆತ್ತನೆಗಳ ತನಕ ಎಲ್ಲವೂ ಅದೇ ಮೈಗೆ ಕೂರುತ್ತವೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿಗೂ ಬೇರೆ ಒಂದಿದೆ. ಅವನು ಎಲಿಪ್ಟಿಕಲ್, ಅಂದರೆ ಅಂಡಾಕಾರದ ಮುಳ್ಳು ತೆಗೆದು ಮೈಕ್ರೋಲೀನಿಯರ್ ಹಾಕಿದ್ದು ನನ್ನ ಕಣ್ಣೆದುರೇ. ಹತ್ತು ಸೆಕೆಂಡ್ ಹಿಡಿಯಿತು. ನಾನು ಮೂರು ತಿಂಗಳು ಒದ್ದಾಡಿದ್ದನ್ನು ಅವನು ಚಹಾ ಆರುವುದರೊಳಗೆ ಮುಗಿಸಿದ. ಒಂದು ರೀತಿಯಲ್ಲಿ ಅದು ಒಳ್ಳೆಯದೇ ಆಯಿತು. ಮೈ ಹಾಗೇ ಇಟ್ಟು ಮುಳ್ಳು ಮಾತ್ರ ಬದಲಿಸಿದರೆ ಏನಾಗುತ್ತದೆ ಎಂದು ಕೇಳಿ ನೋಡಲು ಇದಕ್ಕಿಂತ ಸರಿಯಾದ ದಾರಿ ಇಲ್ಲ. ಅವತ್ತು ಕೇಳಿದ್ದು ಏನು ಅಂತ ಮುಂದೆ ಹೇಳುತ್ತೇನೆ.

ಮುಳ್ಳು ಎಷ್ಟು ದೂರ ನಡೆಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದೆ. ಎಲ್‌ಪಿ, ಅಂದರೆ ಲಾಂಗ್ ಪ್ಲೇ ಪ್ಲೇಟು, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಬದಿ 22 ನಿಮಿಷ ಎಂದುಕೊಳ್ಳಿ. ಗೆರೆಯನ್ನು ಬಿಚ್ಚಿ ನೆಟ್ಟಗೆ ಹಾಸಿದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಗಂಟೆಗೆ ಸುಮಾರು 1.3 ಕಿಲೋಮೀಟರ್. 500 ಗಂಟೆ ಬಾರಿಸಿದರೆ 640 ಕಿಲೋಮೀಟರ್ ದಾಟುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೊರಟು ಹಿರಿಯೂರು ದಾಟಿದಷ್ಟು. ಅಷ್ಟೂ ದಾರಿ ಕಲ್ಲು ಉಜ್ಜಿಕೊಂಡೇ ಹೋಗಬೇಕು. ವಜ್ರವಾದರೇನು, ಸವೆಯುತ್ತದೆ. ಆಡಿಯೋ-ಟೆಕ್ನಿಕಾ ತನ್ನ ಮುಳ್ಳುಗಳಿಗೆ ಕೊಡುವ ಲೆಕ್ಕ ನೋಡಿ: ಗುಂಡು ಮುಳ್ಳಿಗೆ 500 ಗಂಟೆ, ಎಲಿಪ್ಟಿಕಲ್‌ಗೆ 300, ಶಿಬಾಟಕ್ಕೆ 800, ಮೈಕ್ರೋಲೀನಿಯರ್‌ಗೆ 1000. ಚೂಪು ಮುಳ್ಳು ಬೇಗ ಸವೆಯಬೇಕಲ್ವಾ? ಇಲ್ಲಿ ಎಲ್ಲಕ್ಕಿಂತ ಚೂಪಾದದ್ದೇ ಜಾಸ್ತಿ ಬಾಳುತ್ತದೆ. ಈ ಒಗಟು ಬಿಡಿಸಿದರೆ ಮುಳ್ಳಿನ ವಿಷಯ ಮುಕ್ಕಾಲು ಅರ್ಥವಾದ ಹಾಗೆ.

ಪ್ಲೇಟಿನ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಓಡುತ್ತದೆ. ಒಳಗೆ ಲೇಬಲ್ ಹತ್ತಿರ ಬಂದಾಗ ಸುತ್ತು ಚಿಕ್ಕದು. ಅಲ್ಲಿ ಬರೀ 21 ಸೆಂಟಿಮೀಟರ್. ಹಾಡು ಮಾತ್ರ ಅದೇ ಹಾಡು, ಸೆಕೆಂಡು ಅದೇ ಸೆಕೆಂಡು. ಅಂದರೆ ಮೊದಲು 51 ಸೆಂಟಿಮೀಟರಿನಲ್ಲಿ ಆರಾಮಾಗಿ ಕೂತಿದ್ದ ಅಲೆಗಳನ್ನು ಈಗ 21ರಲ್ಲಿ ತುರುಕಬೇಕು. ಸೆಕೆಂಡಿಗೆ 10,000 ಸಲ ಅಲುಗುವ ಸದ್ದು ತೆಗೆದುಕೊಳ್ಳಿ. ತಾಳದ ಮಿಣುಕು, ‘ಸ’ಕಾರದ ಚೂಪು ಇರುವುದು ಆ ಆಸುಪಾಸಿನಲ್ಲಿ. ಅಂಚಿನಲ್ಲಿ ಅದರ ಒಂದು ಅಲೆ 51 ಮೈಕ್ರಾನ್ ಉದ್ದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಒಳಗೆ 21 ಮೈಕ್ರಾನ್. ಅರ್ಧ ಅಲೆ, ಅಂದರೆ ಒಂದು ಗುಣಿ, ಹತ್ತೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಇದು ಎಷ್ಟು ಸಣ್ಣದು ನೋಡಿ.

ಈಗ ಆ ಗುಣಿಗೆ ಇಳಿಯುವ ಮುಳ್ಳಿನ ಕಡೆ ಬನ್ನಿ. ಗುಂಡು ಮುಳ್ಳಿನ ತುದಿ ಒಂದು ಚೆಂಡಿನ ಹಾಗೆ. ಅದರ ತ್ರಿಜ್ಯ 15ರಿಂದ 18 ಮೈಕ್ರಾನ್. ನನ್ನ ಡಿಎಲ್-103ಕ್ಕೆ 16.5. ಇಂಥ ಚೆಂಡು 10 ಮೈಕ್ರಾನ್ ಗುಣಿಗೆ ಇಳಿಯುವುದಾದರೂ ಹೇಗೆ? ಎತ್ತಿನ ಗಾಡಿಯ ದೊಡ್ಡ ಚಕ್ರ ರಸ್ತೆಯ ಸಣ್ಣ ಗುಂಡಿಯ ಮೇಲೆ ಹಾಗೇ ದಾಟಿ ಹೋಗುತ್ತದೆ. ಸೈಕಲ್ಲಿನ ಚಕ್ರಕ್ಕೆ ಅದೇ ಗುಂಡಿ ಗೊತ್ತಾಗುತ್ತದೆ. ಗುಂಡು ಮುಳ್ಳು ಒಳಗಿನ ಸಾಲುಗಳಲ್ಲಿ ಗಾಡಿ ಚಕ್ರವಾಗುತ್ತದೆ. ಕೆಲವು ಅಲೆಗಳನ್ನು ಓದುವುದೇ ಇಲ್ಲ. ಇನ್ನು ಕೆಲವನ್ನು ತಪ್ಪಾಗಿ ಓದಿ ಚರಚರ ಎನಿಸುತ್ತದೆ. ಬದಿಯ ಕೊನೆಯ ಹಾಡು ಯಾವಾಗಲೂ ಒರಟಾಗಿ ಕೇಳುತ್ತದೆ ಎನ್ನುವವರಿಗೆ ಕಾರಣ ಇಲ್ಲಿದೆ. ಸ್ಪೀಕರ್ ಬದಲಿಸಿ ಪ್ರಯೋಜನ ಇಲ್ಲ.

ಮೊದಲು ಗೆರೆ ಕೊರೆಯುವ ಯಂತ್ರದ ಮುಳ್ಳು ಉಳಿಯ ಹಾಗೆ ಚೂಪು ಅಂಚಿನದು. ಉಳಿ ಕೊರೆದದ್ದನ್ನು ಚೆಂಡು ಓದಲು ಹೊರಟಿದೆ. ತೊಂದರೆಯ ಬೇರು ಅದೇ. ಹಾಗಾಗಿ ಓದುವ ಮುಳ್ಳನ್ನೂ ಉಳಿಯ ಆಕಾರಕ್ಕೆ ಹತ್ತಿರ ತರುತ್ತಾ ಹೋದರು. ಎಲಿಪ್ಟಿಕಲ್ ಮುಳ್ಳಿನಲ್ಲಿ ಗೋಡೆ ಮುಟ್ಟುವ ಪಕ್ಕದ ತ್ರಿಜ್ಯ ಸುಮಾರು 8 ಮೈಕ್ರಾನ್. ಆಮೇಲೆ ಬಂತು ಶಿಬಾಟ. ಅದರ ಕಥೆ ಸ್ವಾರಸ್ಯವಾಗಿದೆ. 1970ರ ದಶಕದಲ್ಲಿ ಜಪಾನಿನ ಜೆವಿಸಿ ಕಂಪನಿ ನಾಲ್ಕು ಸ್ಪೀಕರಿನ ಪ್ಲೇಟು ತಂದಿತು. ಮನುಷ್ಯರ ಕಿವಿಗೆ ಕೇಳದಷ್ಟು ಮೇಲಿನ, ಸೆಕೆಂಡಿಗೆ 45,000 ಸಲ ಅಲುಗುವ ತನಕದ ಅಲೆಗಳನ್ನೂ ಮುಳ್ಳು ಓದಬೇಕಿತ್ತು. ಅದಕ್ಕಾಗಿ ನೊರಿಯೊ ಶಿಬಾಟ ಈ ಕೆತ್ತನೆ ಮಾಡಿದರು. ನಾಲ್ಕು ಸ್ಪೀಕರಿನ ಪ್ಲೇಟನ್ನು ಜನ ಮರೆತೇಬಿಟ್ಟರು. ಮುಳ್ಳು ಮಾತ್ರ ಉಳಿಯಿತು. ಮೈಕ್ರೋಲೀನಿಯರ್, ಮೈಕ್ರೋರಿಡ್ಜ್ ಎಂಬ ಹೆಸರಿನವು ಇನ್ನೂ ಮುಂದೆ ಹೋಗಿ ಪಕ್ಕದ ತ್ರಿಜ್ಯವನ್ನು 3 ಮೈಕ್ರಾನ್ ಹತ್ತಿರ ತಂದಿವೆ. ಶಿಬಾಟದಿಂದ ಈಚಿನ ಇವೆಲ್ಲವನ್ನೂ ಒಟ್ಟಾಗಿ ಲೈನ್ ಕಾಂಟ್ಯಾಕ್ಟ್ ಎನ್ನುತ್ತಾರೆ.

ಅಷ್ಟು ಚೂಪಾದರೆ ಪ್ಲೇಟು ಕುಯ್ಯುವುದಿಲ್ಲವಾ? ವಿ ಆಕಾರದ ದೋಣಿಯಲ್ಲಿ ಚೆಂಡು ಇಟ್ಟರೆ ಅದು ಆ ಕಡೆ ಒಂದು ಚುಕ್ಕಿ, ಈ ಕಡೆ ಒಂದು ಚುಕ್ಕಿ ಮಾತ್ರ ಮುಟ್ಟುತ್ತದೆ. ಭಾರವೆಲ್ಲ ಆ ಎರಡು ಚುಕ್ಕಿಗಳ ಮೇಲೆ. ಈಗ ದೋಸೆ ಮಗುಚುವ ಸಟ್ಟುಗವನ್ನು ದೋಣಿಯ ಆಕಾರಕ್ಕೇ ಕತ್ತರಿಸಿ ಅಡ್ಡಡ್ಡ ನಿಲ್ಲಿಸಿ. ಮುಂದಿನಿಂದ ಹಿಂದಕ್ಕೆ ಅದು ತೆಳ್ಳಗೆ, ಆದ್ದರಿಂದ ಸಣ್ಣ ಗುಣಿಗೂ ಇಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಮಾತ್ರ ಗೋಡೆಯ ಉದ್ದಕ್ಕೂ ಮುಟ್ಟಿರುತ್ತದೆ. ಭಾರ ಉದ್ದದ ಗೆರೆಯಲ್ಲಿ ಹಂಚಿಹೋಗುತ್ತದೆ. ಹಾಗಾಗಿ ಪ್ಲೇಟಿಗೂ ಪೆಟ್ಟು ಕಡಿಮೆ, ಮುಳ್ಳಿಗೂ ಆಯಸ್ಸು ಜಾಸ್ತಿ. ಎಲಿಪ್ಟಿಕಲ್‌ಗೆ ಎಲ್ಲಕ್ಕಿಂತ ಕಡಿಮೆ ಗಂಟೆ ಯಾಕೆ ಅಂತ ಈಗ ಹೊಳೆಯಿತಲ್ಲ. ಅದು ತೆಳ್ಳಗಾಗಿದೆ, ಆದರೆ ಉದ್ದ ಮುಟ್ಟುವುದನ್ನು ಕಲಿತಿಲ್ಲ.

ಸಟ್ಟುಗಕ್ಕೆ ಒಂದು ಹಟ ಇದೆ. ನೆಟ್ಟಗೆ ಹಿಡಿಯಬೇಕು. ಚೂರು ಓರೆಯಾದರೂ ಗೋಡೆ ಕೆರೆಯುತ್ತದೆ. ಚೆಂಡನ್ನು ಹೇಗೆ ತಿರುಗಿಸಿದರೂ ಚೆಂಡೇ. ಗುಂಡು ಮುಳ್ಳು ಸೋಮಾರಿಗಳ ಮುಳ್ಳು, ಬೈಗುಳವಾಗಿ ಹೇಳುತ್ತಿಲ್ಲ. ಕಾರ್ಟ್ರಿಜ್ ಕೂರಿಸುವ ತಾಳ್ಮೆ ಇಲ್ಲದಿದ್ದರೆ ಅದೇ ವಾಸಿ.

ಈಗ ಚಿತ್ರದುರ್ಗದ ಆ ಸಂಜೆ. ನಮ್ಮ ಊರಲ್ಲಿ ಮುಚ್ಚುತ್ತಿದ್ದ ಮೈಕ್ ಸೆಟ್ ಅಂಗಡಿಯಿಂದ ನಾನು ಒಂದು ಗೋಣಿಚೀಲ ಪ್ಲೇಟು ತಂದಿದ್ದೆ. ಮದುವೆ, ಜಾತ್ರೆ, ಗಣಪತಿ ಹಬ್ಬ, ಚುನಾವಣೆ ಎಲ್ಲ ಕಂಡ ಪ್ಲೇಟುಗಳು. ಅವುಗಳಲ್ಲಿ ಹಳೆಯ ಒಂದು ಎಲ್‌ಪಿ ತೆಗೆದು ಬದಿಯ ಕೊನೆಯ ಹಾಡು ಹಾಕಿದೆವು. ಎಲಿಪ್ಟಿಕಲ್‌ನಲ್ಲಿ ‘ಸ’, ‘ಶ’ ಎರಡೂ ಒಂದೇ ಥರ ಉಗುಳಿದ ಹಾಗೆ ಕೇಳುತ್ತಿದ್ದವು. ಮೈಕ್ರೋಲೀನಿಯರ್ ಹಾಕಿದ ಮೇಲೆ ಎರಡೂ ಬೇರೆ ಬೇರೆ ಅಕ್ಷರಗಳಾದವು. ಗೆಳೆಯ ಕನ್ನಡ ಮೇಷ್ಟ್ರು. ಅವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಹಳೆಯ ಪ್ಲೇಟಿನಲ್ಲಿ ಇಷ್ಟು ಬದಲಾವಣೆ ಕಾಣಲು ಇನ್ನೊಂದು ಕಾರಣವಿದೆ. ಗುಂಡು ಮುಳ್ಳುಗಳು ವರ್ಷಗಟ್ಟಲೆ ಗೋಡೆಯ ಒಂದೇ ಎತ್ತರದಲ್ಲಿ ಉಜ್ಜಿರುತ್ತವೆ. ಅದರ ಮೇಲೆ ಕೆಳಗೆ ಇರುವ ಗೋಡೆ ಇನ್ನೂ ಹೊಸದಾಗಿಯೇ ಇರುತ್ತದೆ. ಲೈನ್ ಕಾಂಟ್ಯಾಕ್ಟ್ ಮುಳ್ಳು ಆ ಮುಟ್ಟದ ಜಾಗವನ್ನೂ ಓದುತ್ತದೆ. ಹಾಗಂತ ಎಲ್ಲ ಪ್ಲೇಟೂ ಬದುಕುವುದಿಲ್ಲ. ಸವೆದ ಮುಳ್ಳು ಉಳಿಯಾಗಿ ಕೆತ್ತಿ ಹಾಕಿದ ಪ್ಲೇಟು ನನ್ನ ಗೋಣಿಯಲ್ಲೂ ಎಷ್ಟೋ ಇದ್ದವು. ಅವು ಗೋಡೆಗೆ ಮೊಳೆ ಹೊಡೆದು ನೇತುಹಾಕಲು ಮಾತ್ರ ಲಾಯಕ್ಕು. ಆಳಕ್ಕೆ ಇಳಿಯುವ ಮುಳ್ಳಿಗೆ ಆಳದ ಕೊಳೆಯೂ ಸಿಗುತ್ತದೆ. ದುರ್ಗದ ಒಣ ಗಾಳಿಯ ಧೂಳು, ನಮ್ಮ ಮಂಡಕ್ಕಿ ಭಟ್ಟಿ ಕಡೆಯ ಮಸಿ, ಎಲ್ಲ ಗೆರೆಯ ತಳದಲ್ಲೇ ಕೂತಿರುತ್ತವೆ. ಮುಳ್ಳಿಗೆ ದುಡ್ಡು ಹಾಕುವ ಮುಂಚೆ ಪ್ಲೇಟು ತೊಳೆಯಿರಿ. ಬೆಣ್ಣೆ ದೋಸೆ ತಿಂದ ಕೈಯಲ್ಲಿ ಮುಟ್ಟಬೇಡಿ ಎಂದು ಬೇರೆ ಹೇಳಬೇಕಾ?

ಮುಳ್ಳಿನ ಇನ್ನೊಂದು ಭೇದ ಸಣ್ಣದು, ಆದರೆ ಬಿಲ್ಲಿನಲ್ಲಿ ಕಾಣುತ್ತದೆ. ಬಾಂಡೆಡ್ ಎಂದರೆ ಲೋಹದ ಚಿಕ್ಕ ಗೂಟದ ತುದಿಗೆ ಮಾತ್ರ ವಜ್ರ ಅಂಟಿಸಿದ್ದು. ನ್ಯೂಡ್ ಎಂದರೆ ಇಡೀ ಮುಳ್ಳೇ ವಜ್ರ. ಎರಡನೆಯದು ಹಗುರ, ಬೇಗ ತಿರುಗಿಕೊಳ್ಳುತ್ತದೆ.

ಕಡ್ಡಿಯ ವಿಷಯಕ್ಕೆ ಬರೋಣ. ಮಾರುವವರು ಜಾಸ್ತಿ ಮಾತಾಡುವುದು ಇದರ ಬಗ್ಗೆಯೇ, ಯಾಕೆಂದರೆ ಹೆಸರುಗಳು ಚೆನ್ನಾಗಿವೆ. ಕಡ್ಡಿ ಗಟ್ಟಿಯಾಗಿರಬೇಕು, ಬಳುಕಬಾರದು. ಹಗುರವೂ ಆಗಿರಬೇಕು. ಏತದ ಮರವೇ ಬಳುಕಿದರೆ ಈ ಕಡೆ ಎಳೆದದ್ದು ಆ ಕಡೆ ಪೂರ್ತಿ ತಲುಪುವುದಿಲ್ಲ. ಭಾರವಾದರೆ ಬೇಗ ಬೇಗ ಆಡುವುದಿಲ್ಲ. ಎಲ್ಲ ಕಡೆ ಸಿಗುವುದು ಅಲ್ಯುಮಿನಿಯಂ. ಬೋರಾನ್ ಅದಕ್ಕಿಂತ ಐದಾರು ಪಟ್ಟು ಗಟ್ಟಿ, ತೂಕದಲ್ಲೂ ಸ್ವಲ್ಪ ಕಡಿಮೆ. ಮಾಣಿಕ್ಯವೂ ಗಟ್ಟಿತನದಲ್ಲಿ ಬೋರಾನಿಗೆ ಹತ್ತಿರ, ಆದರೆ ಅಲ್ಯುಮಿನಿಯಂಗಿಂತ ಒಂದೂವರೆ ಪಟ್ಟು ಭಾರ. ಮಾಣಿಕ್ಯ, ನೀಲ ಎರಡೂ ಒಂದೇ ಖನಿಜ ಎನ್ನುವುದು ನೆನಪಿರಲಿ. ಚೂರು ಕ್ರೋಮಿಯಂ ಸೇರಿದರೆ ಕೆಂಪು. ಕಿವಿಗೆ ಬಣ್ಣ ಗೊತ್ತಾಗುವುದಿಲ್ಲ, ಹಾಗಾಗಿ ಬಣ್ಣಕ್ಕೆ ದುಡ್ಡು ಕೊಡಬೇಡಿ. ಹಿಂದೆ ಬೆರಿಲಿಯಂ ಕಡ್ಡಿಯೂ ಇತ್ತು. ಗಟ್ಟಿ, ಹಗುರ, ಎಲ್ಲ ಸರಿ. ಆದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮಾಡುವವರೇ ಕೈಬಿಟ್ಟರು.

ಅಲ್ಯುಮಿನಿಯಂ ಬಡವರ ಕಡ್ಡಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಲ್ಯುಮಿನಿಯಂ ಕಡ್ಡಿ ಸಾಮಾನ್ಯವಾಗಿ ಟೊಳ್ಳು ಕೊಳವೆ. ಬಿದಿರಿನ ಹಾಗೆ, ಟೊಳ್ಳಾದ್ದರಿಂದಲೇ ತೂಕಕ್ಕೆ ತಕ್ಕ ಗಟ್ಟಿತನ ಬರುತ್ತದೆ. ಚೂರು ಬಗ್ಗಿದರೆ ನುರಿತವರು ನೇರ ಮಾಡಲೂಬಹುದು. ಬೋರಾನ್ ಬಗ್ಗುವುದೇ ಇಲ್ಲ, ಪಟ್ ಎಂದು ಮುರಿಯುತ್ತದೆ. ಗೆಳೆಯನ ವಿಎಂ95 ಮೈಕ್ರೋಲೀನಿಯರ್‌ನಲ್ಲಿ ಇರುವುದೂ ಅಲ್ಯುಮಿನಿಯಂ ಕಡ್ಡಿಯೇ. ‘ಸ’, ‘ಶ’ ಬೇರೆ ಮಾಡಿದ್ದು ಕಡ್ಡಿಯ ಲೋಹವಲ್ಲ, ವಜ್ರದ ಕೆತ್ತನೆ. ಕೈಯಲ್ಲಿರುವ ದುಡ್ಡನ್ನು ಮೊದಲು ಕೆತ್ತನೆಗೆ ಹಾಕಿ. ಉಳಿದರೆ ಕಡ್ಡಿಗೆ.

ಕೆತ್ತನೆಗಿಂತಲೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಅದನ್ನು ಯಾರೂ ಕೇಳುವುದಿಲ್ಲ. ರಬ್ಬರ್ ಹೇಗಿದೆ? ಏತದ ಆಸರೆಯಲ್ಲಿ ಇರುವ ಆ ಚೂರು ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಕೆಲವು ಸಲ ಸೋತು ಕುಸಿಯುತ್ತದೆ. ಗಟ್ಟಿಯಾದರೆ ಕಡ್ಡಿ ಸಲೀಸಾಗಿ ಆಡುವುದಿಲ್ಲ. ಜೋರು ಭಾಗ ಬಂದಾಗ ಮುಳ್ಳು ಗೋಡೆ ಬಿಟ್ಟು ಹಾರುತ್ತದೆ. ಕುಸಿದರೆ ಕಾರ್ಟ್ರಿಜ್ ಹೊಟ್ಟೆ ಪ್ಲೇಟಿಗೆ ತಾಗುತ್ತದೆ. ಇಪ್ಪತ್ತು ವರ್ಷದ ರಬ್ಬರಿಗೆ ಬೋರಾನ್ ಕಡ್ಡಿ ಹಾಕಿಸುವುದು ಗೆದ್ದಲು ಹಿಡಿದ ಕಂಬಕ್ಕೆ ತೇಗದ ತೊಲೆ ಏರಿಸಿದ ಹಾಗೆ. ಗಾಳಿಯ ಶಾಖಕ್ಕೂ ರಬ್ಬರ್ ಬದಲಾಗುತ್ತದೆ, ಚಳಿಗೆ ಬಿಗಿ, ಸೆಕೆಗೆ ಮೆದು. ನಮ್ಮ ಏಪ್ರಿಲ್ಲಿನಲ್ಲಿ ಕಾರ್ಟ್ರಿಜ್ಜನ್ನು ಕಿಟಕಿ ಬಿಸಿಲಿನಲ್ಲಿ ಬಿಡಬೇಡಿ. ಎಂಎಂ ಆದರೆ ಈ ಚಿಂತೆ ಇಲ್ಲ, ಹೊಸ ಮುಳ್ಳಿನ ಜೊತೆ ಹೊಸ ರಬ್ಬರೂ ಬರುತ್ತದೆ. ಆದರೆ ದಶಕಗಳ ಹಿಂದೆ ಮಾಡಿ ಡಬ್ಬಿಯಲ್ಲೇ ಇದ್ದ ‘ಹೊಸ’ ಮುಳ್ಳನ್ನು ನಂಬಬೇಡಿ. ಡಬ್ಬಿಯೊಳಗೂ ರಬ್ಬರಿಗೆ ವಯಸ್ಸಾಗುತ್ತದೆ.

ರಿಟಿಪ್ ಮಾಡುವವರು ಕೆಲಸ ಮಾಡುವುದು ಸೂಕ್ಷ್ಮದರ್ಶಕದ ಕೆಳಗೆ. ಅಮೆರಿಕದ ಸೌಂಡ್‌ಸ್ಮಿತ್, ಇಂಗ್ಲೆಂಡಿನ ಎಕ್ಸ್‌ಪರ್ಟ್ ಸ್ಟೈಲಸ್ ಈ ಕಸುಬಿನಲ್ಲಿ ಹೆಸರಾದವು. ಎಂಎಂ ಮುಳ್ಳುಗಳಿಗೆ ಜಪಾನಿನ ಜಿಕೊ ಇದೆ. ಅದು 1873ರಲ್ಲಿ ಶುರುವಾದಾಗ ಮಾಡುತ್ತಿದ್ದುದು ಬಟ್ಟೆ ಹೊಲಿಯುವ ಸೂಜಿ. 2018ರಲ್ಲಿ ಶ್ಯೂರ್ ಕಂಪನಿ ಕಾರ್ಟ್ರಿಜ್ ಮಾಡುವುದನ್ನೇ ನಿಲ್ಲಿಸಿತು. ಅದರ ಹಳೆಯ ಮೈಗಳು ಇವತ್ತಿಗೂ ಹಾಡುತ್ತಿದ್ದರೆ ಇಂಥವರಿಂದ.

ಕೆಲಸದಲ್ಲಿ ಮೂರು ಬಗೆ. ಕಡ್ಡಿ ಚೆನ್ನಾಗಿದ್ದು ವಜ್ರ ಮಾತ್ರ ಸವೆದಿದ್ದರೆ ವಜ್ರ ಕಿತ್ತು ಹೊಸದನ್ನು ಅಂಟಿಸುತ್ತಾರೆ. ಕಡ್ಡಿ ಮುರಿದಿದ್ದರೆ ಬುಡದ ಹತ್ತಿರ ಕತ್ತರಿಸಿ, ಉಳಿದ ಮೋಟಿಗೆ ಹೊಸ ಕಡ್ಡಿ ಕಸಿ ಮಾಡುತ್ತಾರೆ. ಅಥವಾ ಹಳೆಯದನ್ನು ಬುಡಸಮೇತ ತೆಗೆದು ಹೊಸದನ್ನು ಕಾಯಿಲಿನ ಗೂಡಿಗೇ ಕೂರಿಸುತ್ತಾರೆ. ಕಸಿ ಅಗ್ಗ, ಬೇಗ ಮುಗಿಯುತ್ತದೆ. ಆದರೆ ಬೆಸುಗೆಯ ಜಾಗದಲ್ಲಿ ಅಂಟು ಸೇರುತ್ತದೆ, ಚೂರು ತೂಕವೂ ಸೇರುತ್ತದೆ. ಬುಡಸಮೇತ ಬದಲಿಸುವುದು ಕಷ್ಟ, ಕೈ ತಪ್ಪಿದರೆ ಕಾಯಿಲಿನ ತಂತಿ ಹರಿಯುತ್ತದೆ. ರಬ್ಬರ್ ಬದಲಿಸಬೇಕಾದರೆ ಮೈ ಬಿಚ್ಚಲೇಬೇಕು. ಕಳಿಸುವ ಮುಂಚೆ ಇಷ್ಟು ಕೇಳಿ: ಕಸಿಯಾ, ಪೂರ್ತಿಯಾ? ರಬ್ಬರ್ ನೋಡುತ್ತೀರಾ? ವಜ್ರ ನ್ಯೂಡಾ? ಕೆಲಸ ಮುಗಿದ ಮೇಲೆ ಸೂಕ್ಷ್ಮದರ್ಶಕದ ಫೋಟೋ ಕೊಡುತ್ತೀರಾ? ನಾನು ಮೊದಲು ವಿಚಾರಿಸಿದ ಒಬ್ಬರು ಯಾವುದಕ್ಕೂ ನೇರ ಉತ್ತರ ಕೊಡಲಿಲ್ಲ. ‘ಕಳಿಸಿ ನೋಡೋಣ’ ಎಂದರು. ನಾನು ಕಳಿಸಲಿಲ್ಲ.

ಪ್ಯಾಕಿಂಗ್ ಬಗ್ಗೆ ಎರಡು ಮಾತು. ಮುಳ್ಳಿನ ಕಡೆ ಹತ್ತಿ ಇಡಬೇಡಿ. ಹತ್ತಿ ಮಿಲ್ಲುಗಳ ಊರಿನವನಾಗಿ ಹೇಳುತ್ತಿದ್ದೇನೆ, ಎಳೆ ಸಿಕ್ಕಿಕೊಂಡರೆ ಉಳಿದ ಕಡ್ಡಿಯೂ ಹೋಗುತ್ತದೆ. ಕಾರ್ಟ್ರಿಜ್ಜನ್ನು ಗಟ್ಟಿ ಡಬ್ಬಿಯ ತಳಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ, ಮುಳ್ಳಿನ ಸುತ್ತ ಬರೀ ಗಾಳಿ ಇರಲಿ. ಹೊರದೇಶಕ್ಕೆ ಕಳಿಸುವುದಾದರೆ ರಿಪೇರಿಗೆ ಹೋಗುತ್ತಿದೆ ಎನ್ನುವ ಕಾಗದ ನಿಮ್ಮ ಹತ್ತಿರವೂ ಒಂದು ಇರಲಿ.

ಕೊನೆಗೆ ನಾನು ಹಾಕಿಸಿದ್ದು ಅಲ್ಯುಮಿನಿಯಂ ಕಡ್ಡಿ, ಲೈನ್ ಕಾಂಟ್ಯಾಕ್ಟ್ ವಜ್ರ, ಹೊಸ ರಬ್ಬರ್. ಬಂದದ್ದು ಹಳೆಯ ಡಿಎಲ್-103 ಅಲ್ಲ. ಕಾಯಿಲ್ ಅದೇ ಆದ್ದರಿಂದ ಸದ್ದಿನ ಮೈಕಟ್ಟು, ತಬಲಾದ ತೂಕ ಮೊದಲಿನದೇ. ಆದರೆ ಮೇಲಿನ ಸ್ವರಗಳಲ್ಲಿ ಮೊದಲಿದ್ದ ದುಂಡು ಹೋಗಿ ಚೂರು ಬಿಸಿಲು ಬಂದಿದೆ. ಹಳೆಯದೇ ಬೇಕು ಎನ್ನುವವರು ಮೂಲದ ಗುಂಡು ಮುಳ್ಳನ್ನೇ ಹಾಕಿಸಬೇಕು, ಇಲ್ಲವೇ ಹೊಸ ಕಾರ್ಟ್ರಿಜ್ ಕೊಳ್ಳಬೇಕು. ರಿಟಿಪ್ಪಿನ ಬಿಲ್ಲು ಹೊಸ ಕಾರ್ಟ್ರಿಜ್ಜಿನ ಬೆಲೆ ದಾಟುವಂತಿದ್ದರೆ ನಾನಾದರೂ ಯೋಚಿಸುತ್ತೇನೆ.

ಮನೆಗೆ ಬಂದ ಮೇಲೆ ಹಳೆಯ ಜಾಗದಲ್ಲೇ ಸ್ಕ್ರೂ ಬಿಗಿದು ಕೂತರೆ ಆಗಲಿಲ್ಲ. ಹೊಸ ಕಡ್ಡಿಯ ಉದ್ದ ಒಂದರ್ಧ ಮಿಲಿಮೀಟರ್ ಬೇರೆ ಇರಬಹುದು. ಸಟ್ಟುಗ ಓರೆಯಾಗಲು ಅಷ್ಟು ಸಾಕು. ಅಳತೆಯ ಕಾಗದ (ಪ್ರೊಟ್ರ್ಯಾಕ್ಟರ್) ಇಟ್ಟು ಅದರ ಮೇಲಿನ ಎರಡೂ ಚುಕ್ಕಿಯಲ್ಲಿ ಮತ್ತೆ ಹೊಂದಿಸಬೇಕು. ಎದುರಿನಿಂದ ನೋಡಿದಾಗ ಮುಳ್ಳು ಎಡಕ್ಕೂ ಬಲಕ್ಕೂ ವಾಲಬಾರದು. ಕಾರ್ಟ್ರಿಜ್ ಹೊತ್ತ ತೋಳು (ಟೋನ್‌ಆರ್ಮ್) ಪ್ಲೇಟಿಗೆ ಸಮಾನಾಂತರವಾಗಿರುವಲ್ಲಿಂದ ಶುರು ಮಾಡಿ, ಆಮೇಲೆ ಚೂರು ಚೂರು ಎತ್ತಿ ಇಳಿಸಿ ಕಿವಿಯಲ್ಲೇ ಗೊತ್ತು ಮಾಡಿಕೊಳ್ಳಿ. ಗುಂಡು ಮುಳ್ಳಿನಲ್ಲಿ ಗೊತ್ತಾಗದಿದ್ದ ವ್ಯತ್ಯಾಸ ಇದರಲ್ಲಿ ಥಟ್ಟನೆ ಗೊತ್ತಾಗುತ್ತದೆ.

ಹೊಸ ರಬ್ಬರ್ ಆದರೆ ತೋಳಿಗೂ ಕಾರ್ಟ್ರಿಜ್ಜಿಗೂ ಹೊಂದುತ್ತದಾ ಎಂದು ಒಂದು ಲೆಕ್ಕ ಹಾಕಿ. ತೋಳಿನ ಎಫೆಕ್ಟಿವ್ ಮಾಸ್ (ಅಲುಗುವಾಗಿನ ಭಾರ, ತಕ್ಕಡಿಯ ತೂಕವಲ್ಲ), ಕಾರ್ಟ್ರಿಜ್, ಸ್ಕ್ರೂ ಕೂಡಿಸಿ. ಅದನ್ನು ಕಂಪ್ಲಯನ್ಸ್ ಎಂಬ ಅಂಕಿಯಿಂದ ಗುಣಿಸಿ, ಅಂದರೆ ಕಡ್ಡಿ ಎಷ್ಟು ಸಲೀಸಾಗಿ ಆಡುತ್ತದೆ ಎನ್ನುವ ಅಂಕಿ. ವರ್ಗಮೂಲ ತೆಗೆದು 159ನ್ನು ಅದರಿಂದ ಭಾಗಿಸಿ. ಉತ್ತರ ಬರುವುದು ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗಿದರೆ ತೋಳು ತಾನಾಗಿ ಕುಣಿಯುತ್ತದೆ ಎನ್ನುವುದು. ಅದು 8ರಿಂದ 12ರ ನಡುವೆ ಬಂದರೆ ಸರಿ. ತೋಳು 11 ಗ್ರಾಂ, ಕಾರ್ಟ್ರಿಜ್ 8.5, ಸ್ಕ್ರೂ 1, ಒಟ್ಟು 20.5. ಕಂಪ್ಲಯನ್ಸ್ 10 ಆದರೆ ಗುಣಿಸಿದಾಗ 205, ವರ್ಗಮೂಲ ಸುಮಾರು 14.3, ಉತ್ತರ 11. ಇದಕ್ಕಿಂತ ತೀರಾ ಕೆಳಗೆ ಬಂದರೆ ಸೊಟ್ಟ ಪ್ಲೇಟು, ನೆಲದ ಹೆಜ್ಜೆ ಸದ್ದಿಗೆಲ್ಲ ತೋಳು ಕುಣಿಯುತ್ತದೆ. ತೀರಾ ಮೇಲೆ ಹೋದರೆ ಹಾಡಿನ ಕೆಳಸ್ವರಗಳಿಗೇ ಕುಣಿಯುತ್ತದೆ. ಒಂದು ಎಚ್ಚರ: ಜಪಾನಿನವರು ಈ ಅಂಕಿಯನ್ನು ಸಾಮಾನ್ಯವಾಗಿ 100 ಹರ್ಟ್ಸ್‌ನಲ್ಲಿ ಅಳೆದು ಬರೆಯುತ್ತಾರೆ. ಲೆಕ್ಕಕ್ಕೆ ಬೇಕಾದದ್ದು 10 ಹರ್ಟ್ಸ್‌ನದು, ಅದು ಒಂದೂವರೆಯಿಂದ ಎರಡು ಪಟ್ಟು ಇರುತ್ತದೆ.

ಮುಳ್ಳು ಪ್ಲೇಟನ್ನು ಒತ್ತುವ ಭಾರ ಅಳೆಯಲು ನಾನು ಬೆಳ್ಳಿ ಬಂಗಾರದ ಅಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ತಕ್ಕಡಿ ತಂದೆ. ಪರಿಚಯದ ಅಕ್ಕಸಾಲಿಗರೇ ಕೊಡಿಸಿದರು. ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು ಮುಳ್ಳನ್ನು ನೋಡಿ, ‘ಇದು ವಜ್ರ ಅಂತ ನೀವು ಹೇಳಬೇಕಷ್ಟೆ’ ಎಂದು ನಕ್ಕರು. ಹತ್ತು ಪಟ್ಟಿನ ಗಾಜಿನಲ್ಲಿ ಕೊಳೆ ಕಾಣುತ್ತದೆ, ಸವೆತ ಕಾಣುವುದಿಲ್ಲ. ಅದಕ್ಕೆ ಇನ್ನೂರು ಪಟ್ಟಾದರೂ ಬೇಕು. ಮನೆಗೆ ಬಂದ ಮೇಲೆ ತಕ್ಕಡಿಯಿಂದ ಒಂದು ಪಾಠವಾಯಿತು. ಎಂಸಿ ಕಾರ್ಟ್ರಿಜ್ಜಿನ ಆಯಸ್ಕಾಂತ ಜೋರು. ತಕ್ಕಡಿಯೊಳಗಿನ ಕಬ್ಬಿಣವನ್ನು ಅದು ಎಳೆಯುತ್ತದೆ, ಅಂಕಿ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಭಾರ ಇಳಿಸಿದರೆ ಮುಳ್ಳು ಗೆರೆಯಲ್ಲಿ ಕುಪ್ಪಳಿಸುತ್ತದೆ. ಕಡಿಮೆ ಭಾರ ಪ್ಲೇಟಿಗೆ ಒಳ್ಳೆಯದು ಎನ್ನುವುದು ತಪ್ಪು ತಿಳುವಳಿಕೆ, ಕುಪ್ಪಳಿಸುವ ಮುಳ್ಳೇ ಗೋಡೆಯನ್ನು ಜಾಸ್ತಿ ಕೆಡಿಸುವುದು. ಟರ್ನ್‌ಟೇಬಲ್‌ಗೇ ಅಂತ ಮಾಡಿದ, ಕಬ್ಬಿಣವಿಲ್ಲದ ತಕ್ಕಡಿ ತಗೊಳ್ಳಿ.

ಮುಳ್ಳು ಒರೆಸುವಾಗ ಹಿಂದಿನಿಂದ ಮುಂದಕ್ಕೆ ಮಾತ್ರ. ಪಕ್ಕಕ್ಕೆ ಬೇಡ, ಮುಂದಿನಿಂದ ಹಿಂದಕ್ಕಂತೂ ಬೇಡವೇ ಬೇಡ. ಸ್ಪಿರಿಟ್ ಜಾಸ್ತಿ ಹಾಕಿದರೆ ವಜ್ರದ ಅಂಟು ಸಡಿಲವಾಗುವ ಅಪಾಯ ಇದೆ.

ಇದೆಲ್ಲ ಎಲ್ಲರಿಗೂ ಅಲ್ಲ. ಅಜ್ಜನ ಕಾಲದ ಎಚ್‌ಎಂವಿ ಸೂಟ್‌ಕೇಸ್ ಪ್ಲೇಯರ್ ಇಟ್ಟುಕೊಂಡವರು ಕೇಳುತ್ತಿರುತ್ತಾರೆ, ಅದಕ್ಕೂ ಶಿಬಾಟ ಹಾಕಿಸಬಹುದಾ ಅಂತ. ಬೇಡ. ಅವುಗಳಲ್ಲಿ ಇರುವುದು ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್, ಮುಳ್ಳಿನ ಮೇಲೆ ಇಂದಿನದಕ್ಕಿಂತ ಎರಡು ಮೂರು ಪಟ್ಟು ಭಾರ. ಕ್ರಿಸ್ಟಲ್ ಆದರೆ ಒಳಗಿನ ಉಪ್ಪಿನ ಹರಳೇ ಸೆಕೆಗೂ ತೇವಕ್ಕೂ ಸತ್ತಿರುತ್ತದೆ, ಮುಳ್ಳು ಬದಲಿಸಿ ಏನೂ ಆಗದು. ಅದಕ್ಕೆ ಅದರದ್ದೇ ಅಗ್ಗದ ಮುಳ್ಳು ಹುಡುಕಿ ಸುಮ್ನೆ ಕೇಳಿ ಖುಷಿಪಡಿ. 78ರ ಅರಗಿನ ಪ್ಲೇಟುಗಳ ಗೆರೆ ಅಗಲ, ಅವಕ್ಕೆ ಸುಮಾರು 75 ಮೈಕ್ರಾನ್ ತ್ರಿಜ್ಯದ ದಪ್ಪ ಮುಳ್ಳೇ ಬೇಕು. ಎಲ್‌ಪಿ ಮುಳ್ಳು ಅಲ್ಲಿ ತಳಕ್ಕೆ ಬಿದ್ದು ಕಸ ಗುಡಿಸುತ್ತದೆ.

ಕಳೆದ ವಾರ ಚಿತ್ರದುರ್ಗದ ಗೆಳೆಯ ದಾವಣಗೆರೆಗೆ ಬಂದಿದ್ದ. ನನ್ನ ರಿಟಿಪ್ ಕೇಳಿದ, ತಲೆದೂಗಿದ. ಹೋಗುವಾಗ ಬಾಗಿಲಲ್ಲಿ ನಿಂತು, ಇಷ್ಟೆಲ್ಲ ಮಾಡಿಸಿದವನು ಕೆಂಪು ಕಡ್ಡಿ ಹಾಕಿಸಬಾರದಿತ್ತಾ, ನೋಡೋಕೆ ಚೆನ್ನಾಗಿರುತ್ತಿತ್ತು ಎಂದ. ಹಾಗಾದರೆ ಅಕ್ಕಸಾಲಿಗರ ಭೂತಗನ್ನಡಿಯನ್ನೂ ನೀನೇ ಕೊಡಿಸು ಎಂದೆ.